ಹಡಗು ಒಡೆದು ಅಪರಿಚಿತ ದಡ ಸೇರಿದ ಹುಡುಗರ ಕಥೆಗಳಲ್ಲಿ ನಿಜವಾಗಿ ನಡೆದದ್ದು ಯಾವುದಾದರೂ ಇದೆಯೇ? ಅಂಥವರಿಗೆ ದಡದಲ್ಲಿ ಯಾರಿಂದ ಅಪಾಯವಿತ್ತು?

ಇದೆ. ಅಂಥ ಹುಡುಗರಿಗೆ ದಡದಲ್ಲಿ ಯಾರಿಂದ ಅಪಾಯವಿತ್ತು ಎಂದೂ ತಾವು ಕೇಳಿರುವುದರಿಂದ ನಾನು ಜಾನ್ ಬೈರನ್‌ನ ಪ್ರಸಂಗವನ್ನು ಆರಿಸಿಕೊಳ್ಳುತ್ತೇನೆ. ಈತ ಕವಿ ಬೈರನ್‌ನ ಅಜ್ಜ.

ಸ್ಪೇನಿನ ವಿರುದ್ಧದ ಯುದ್ಧಕ್ಕಾಗಿ ಜಾರ್ಜ್ ಆನ್ಸನ್‌ನ ನೇತೃತ್ವದಲ್ಲಿ 1740ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟ ಹಡಗುಗಳಲ್ಲಿ, ಹಿಂದೆ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದಲ್ಲಿದ್ದ ‘ವೇಜರ್’ ಕೂಡ ಒಂದು. ಬೈರನ್ ಅದರಲ್ಲಿ ಮಿಡ್‌ಶಿಪ್‌ಮನ್, ಅಂದರೆ ಅಧಿಕಾರಿಯಾಗಲು ಕೆಲಸ ಕಲಿಯುತ್ತಿದ್ದವನು. ದಕ್ಷಿಣ ಅಮೆರಿಕದ ದಕ್ಷಿಣ ತುದಿಯಾದ ಕೇಪ್ ಹಾರ್ನ್ ದಾಟುವಾಗ ಬಿರುಗಾಳಿಗೆ ಸಿಕ್ಕಿ ಉಳಿದ ಹಡಗುಗಳಿಂದ ಬೇರ್ಪಟ್ಟ ವೇಜರ್, ನಾವಿಕರಲ್ಲಿ ಹೆಚ್ಚಿನವರು ಸ್ಕರ್ವಿಯಿಂದ (ವಿಟಮಿನ್ ಸಿ ಕೊರತೆಯ ಕಾಯಿಲೆ) ಕೈಲಾಗದೆ ಮಲಗಿದ್ದ ಹೊತ್ತಿನಲ್ಲಿ, 1741ರ ಮೇ 14ರಂದು ಆ ಖಂಡದ ದಕ್ಷಿಣ ಭಾಗವಾದ ಪ್ಯಾಟಗೋನಿಯಾದ ಪಶ್ಚಿಮ ತೀರದ ಬಂಡೆಗಳಿಗೆ ಬಡಿಯಿತು. ಸುಮಾರು 140 ಜನ ಅಲ್ಲಿನ ದ್ವೀಪವೊಂದನ್ನು ಸೇರಿದರು. ಬೈರನ್‌ಗೆ ಆಗ ಹದಿನೇಳು ವರ್ಷ.

ದ್ವೀಪದಲ್ಲಿ ಚಳಿ, ಮಳೆ ಮತ್ತು ಹಸಿವು ಇದ್ದವು. ಆದರೆ ಶಿಸ್ತು ಕುಸಿಯಲು ಇನ್ನೊಂದು ಕಾರಣವೂ ಇತ್ತು. ಹಡಗು ನಾಶವಾದ ದಿನದಿಂದಲೇ ನಾವಿಕರ ಸಂಬಳ ನಿಲ್ಲುತ್ತಿದ್ದ ಕಾಲವದು. ಸಂಬಳವಿಲ್ಲದ ಮೇಲೆ ಕ್ಯಾಪ್ಟನ್ನನ ಆಜ್ಞೆಯನ್ನೇಕೆ ಪಾಲಿಸಬೇಕೆಂಬ ವಾದಕ್ಕೆ ಉತ್ತರ ಕೊಡುವುದು ಸುಲಭವಿರಲಿಲ್ಲ. ಕ್ಯಾಪ್ಟನ್ ಡೇವಿಡ್ ಚೀಪ್ ದಂಗೆಯ ಶಂಕೆಯಿಂದ ಹೆನ್ರಿ ಕೋಜನ್ಸ್ ಎಂಬ ಮಿಡ್‌ಶಿಪ್‌ಮನ್‌ಗೆ ಗುಂಡು ಹೊಡೆದ. ಕೆಲವು ದಿನಗಳಲ್ಲಿ ಅವನು ಸತ್ತ. ಬೈರನ್ ತನ್ನ ಗುಡಿಸಲಿನಲ್ಲಿ ಸಾಕಿಕೊಂಡಿದ್ದ ನಾಯಿಯನ್ನು ಹಸಿದ ಜೊತೆಗಾರರು ಕಿತ್ತೊಯ್ದು ಕೊಂದು ತಿಂದರು. ಮೂರು ವಾರಗಳ ನಂತರ ಅದೇ ನಾಯಿಯ ಎಸೆದಿದ್ದ ಪಾದಗಳನ್ನೂ ಚರ್ಮವನ್ನೂ ಹುಡುಕಿ ತಾನೇ ತಿಂದನೆಂದು ಅವನು ಬರೆದಿದ್ದಾನೆ.

ಅಕ್ಟೋಬರಿನಲ್ಲಿ ಗನ್ನರ್ (ಫಿರಂಗಿಗಳ ಹೊಣೆ ಹೊತ್ತವನು) ಜಾನ್ ಬಲ್ಕ್‌ಲಿಯ ಗುಂಪು, ಬಡಗಿ ಕಮಿನ್ಸ್ ಉದ್ದ ಹೆಚ್ಚಿಸಿಕೊಟ್ಟ ದೋಣಿಯಲ್ಲಿ ಕ್ಯಾಪ್ಟನ್ನನನ್ನು ಬಿಟ್ಟು ಹೊರಟಿತು. ಹೊರಟ ಎಂಬತ್ತೊಂದು ಜನರಲ್ಲಿ ಸುಮಾರು ಮೂವತ್ತು ಮಂದಿ ಮಾತ್ರ ಬ್ರೆಜಿಲ್ ಮುಟ್ಟಿದರು. ಅವರೊಡನೆ ಹೊರಟಿದ್ದ ಬೈರನ್, ಬಿಟ್ಟುಬಂದ ಹಾಯಿಬಟ್ಟೆ ತರಲು ಸಣ್ಣ ದೋಣಿಯನ್ನು ಹಿಂದಕ್ಕೆ ಕಳುಹಿಸಿದಾಗ ಅದರಲ್ಲೇ ಮರಳಿ ಕ್ಯಾಪ್ಟನ್ನನನ್ನು ಸೇರಿಕೊಂಡ. ಇದು ಜಾಣತನದ ಲೆಕ್ಕಾಚಾರವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಬದುಕುವ ಅವಕಾಶ ದೊಡ್ಡ ದೋಣಿಯಲ್ಲೇ ಹೆಚ್ಚಿರುವಂತೆ ಕಾಣುತ್ತಿತ್ತು.

ಉಳಿದವರು ಉತ್ತರಕ್ಕೆ ಸಾಗಲು ಯತ್ನಿಸಿ, ಒಂದು ದೋಣಿಯನ್ನು ಕಳೆದುಕೊಂಡು, ಜಾಗ ಸಾಲದೆ ನಾಲ್ವರು ಸೈನಿಕರನ್ನು ದಡದಲ್ಲೇ ಬಿಟ್ಟು, ಸೋತು ದ್ವೀಪಕ್ಕೆ ಹಿಂದಿರುಗಿದರು. ಕೊನೆಗೆ ಅವರನ್ನು ಹುಟ್ಟುದೋಣಿಗಳಲ್ಲಿ ಚಿಲಿಯ ಚಿಲೋಯೆ ದ್ವೀಪದತ್ತ ಕರೆದೊಯ್ದವರು ಆ ಜಲಮಾರ್ಗಗಳನ್ನು ಬಲ್ಲ ಸ್ಥಳೀಯ ಮೂಲನಿವಾಸಿಗಳಾದ ಚೋನೋ ಜನ. ಅಲ್ಲಿಗೆ ತಲುಪಿದವರು ಬೈರನ್ ಮತ್ತು ಕ್ಯಾಪ್ಟನ್ ಸೇರಿ ನಾಲ್ವರೇ. ಸ್ಪೇನಿನವರ ಸೆರೆಯಾಳಾಗಿ ಚಿಲಿಯಲ್ಲಿ ಕಾಲ ಕಳೆದ ಬೈರನ್ ಇಂಗ್ಲೆಂಡ್ ಕಂಡದ್ದು 1746ರಲ್ಲಿ.

ಅನಂತರ ನಡೆದ ನೌಕಾ ವಿಚಾರಣೆ ಹಡಗು ಹೇಗೆ ಒಡೆಯಿತೆಂಬುದನ್ನಷ್ಟೇ ಕೇಳಿತು. ದಂಗೆಯನ್ನೂ ಕೋಜನ್ಸ್‌ನ ಸಾವನ್ನೂ ಮುಟ್ಟಲಿಲ್ಲ. ಬಲ್ಕ್‌ಲಿ ಮತ್ತು ಕಮಿನ್ಸ್ ತಮ್ಮ ವೃತ್ತಾಂತವನ್ನು 1743ರಲ್ಲೇ ಪ್ರಕಟಿಸಿದ್ದರು, ಬೈರನ್‌ನದು 1768ರಲ್ಲಿ ಬಂತು. ಓದುವುದಾದರೆ ಎರಡನ್ನೂ ಓದಿ; ಒಂದನ್ನೇ ಓದಿದರೆ ಕ್ಯಾಪ್ಟನ್ನನ ಬಗ್ಗೆ ಅರ್ಧ ಮಾತಷ್ಟೇ ಸಿಗುತ್ತದೆ.