‘ಇಂಪ್ರಾಂಪ್ಟು’ ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು?

ಪ್ರಶ್ನೆ: ‘ಇಂಪ್ರಾಂಪ್ಟು ಸ್ಪೀಚ್’ ಎನ್ನುವುದನ್ನು ಆಗಾಗ ಕೇಳುತ್ತೇನೆ. ಈ ಪದದ ಸರಿಯಾದ ಅರ್ಥವೇನು? ಇದರ ಬದಲು ‘ಸ್ಪಾಂಟೇನಿಯಸ್’, ‘ಎಕ್ಸ್‌ಟೆಂಪೋರ್’ ಎಂದರೂ ನಡೆಯುತ್ತದೆಯೇ?

ಉತ್ತರ: ಮೊದಲೇ ತಯಾರಿ ಮಾಡಿಕೊಳ್ಳದೆ, ಆ ಹೊತ್ತಿಗೆ ತೋಚಿದಂತೆ ಮಾಡಿದ್ದು ‘ಇಂಪ್ರಾಂಪ್ಟು’. ಆಶುಭಾಷಣ, ಆಶುಕವಿತೆ ಎನ್ನುವಾಗಿನ ‘ಆಶು’ ಇದಕ್ಕೆ ತೀರ ಹತ್ತಿರದ್ದು.

ಪದದ ಮೊದಲಿನ ‘ಇಮ್’ ನೋಡಿ, ಇದು ‘ಇಂಪಾಸಿಬಲ್’ನಲ್ಲಿರುವಂತೆ ಅಲ್ಲಗಳೆಯುವ ‘ಇಮ್’, ಆದ್ದರಿಂದ ‘ಪ್ರಾಂಪ್ಟ್ ಅಲ್ಲದ್ದು’ ಎಂದು ಅರ್ಥ ಮಾಡುವವರಿದ್ದಾರೆ. ಅದು ತಪ್ಪು. ಲ್ಯಾಟಿನ್‌ನಲ್ಲಿ ‘ಇನ್ ಪ್ರಾಂಪ್ಟು’ ಎಂದರೆ ಸಿದ್ಧವಾಗಿ, ಕೈಗೆಟುಕುವಂತೆ ಇರುವುದು. ಅಲ್ಲಿನ ‘ಇನ್’ ನಮ್ಮ ಸಪ್ತಮಿಯ ‘ಅಲ್ಲಿ’ ಇದ್ದಂತೆ. ಫ್ರೆಂಚ್ ಮೂಲಕ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು, ಕೇಳಿದೊಡನೆ ಹೊರಬಂತು ಎಂಬ ಮೆಚ್ಚುಗೆ ಬೇರಿನಲ್ಲೇ ಇದೆ. ಹೀಗಾಗಿ ಈ ಪದಕ್ಕೆ ಸಾಮಾನ್ಯವಾಗಿ ನಿಂದೆಯ ಧ್ವನಿಯಿಲ್ಲ. ಹಿಂದುಮುಂದು ನೋಡದೆ ದುಡುಕಿದ್ದನ್ನು ಹೇಳಬೇಕಾದರೆ ‘ಇಂಪಲ್ಸಿವ್’ ಬಳಸಿ.

ಸಾಮಾನ್ಯವಾಗಿ ತಯಾರಿ ಬೇಡುವ ಕೆಲಸಗಳಿಗೇ ಇದು ಒಪ್ಪುತ್ತದೆ: ಭಾಷಣ, ಸಭೆ, ಸಂಗೀತ ಕಛೇರಿ, ಔತಣ. ಕಾಲು ಜಾರಿ ಬಿದ್ದದ್ದೂ ಯೋಜಿಸಿದ್ದಲ್ಲ, ಆದರೆ ಅದನ್ನು ‘ಇಂಪ್ರಾಂಪ್ಟು ಫಾಲ್’ ಎನ್ನುವಂತಿಲ್ಲ. ವ್ಯಕ್ತಿಯ ಸ್ವಭಾವಕ್ಕೂ ಸಲ್ಲದು. ‘ಶಿ ಈಸ್ ಇಂಪ್ರಾಂಪ್ಟು’ ತಪ್ಪು, ‘ಶಿ ಈಸ್ ಸ್ಪಾಂಟೇನಿಯಸ್’ ಸರಿ. ‘ಸ್ಪಾಂಟೇನಿಯಸ್’ನ ತಿರುಳು ತಯಾರಿಯ ಕೊರತೆಯಲ್ಲ, ಹೊರಗಿನ ಒತ್ತಾಯವಿಲ್ಲದೆ ತಾನಾಗಿ ಹೊಮ್ಮುವುದು. ಸಭಿಕರ ಚಪ್ಪಾಳೆ ಸ್ಪಾಂಟೇನಿಯಸ್. ಆ ಚಪ್ಪಾಳೆ ಕೇಳಿ ಅತಿಥಿ ಎದ್ದು ಆಡಿದ ನಾಲ್ಕು ಮಾತು ಇಂಪ್ರಾಂಪ್ಟು.

‘ಎಕ್ಸ್‌ಟೆಂಪೋರ್’ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ನಮ್ಮ ಶಾಲಾ ಸ್ಪರ್ಧೆಗಳಲ್ಲಿ ಅದು ಆಶುಭಾಷಣವೇ. ಅಮೆರಿಕದ ಭಾಷಣಕಲೆಯ ಪಾಠಗಳಲ್ಲಾದರೋ ‘ಎಕ್ಸ್‌ಟೆಂಪೊರೇನಿಯಸ್’ ಎಂದರೆ ವಿಷಯ ಓದಿಕೊಂಡು, ಟಿಪ್ಪಣಿ ಮಾಡಿಕೊಂಡು, ಬಾಯಿಪಾಠವಿಲ್ಲದೆ ಮಾತಾಡುವುದು. ಅಲ್ಲಿಯ ಸ್ಪರ್ಧೆಗಳಲ್ಲಿ ಅದರ ತಯಾರಿಗೆ ಸಾಮಾನ್ಯವಾಗಿ 30 ನಿಮಿಷ ಕೊಡುತ್ತಾರೆ. ಇಂಪ್ರಾಂಪ್ಟುಗೆ ಕೆಲವೇ ನಿಮಿಷ. ‘ಎಕ್ಸ್‌ಟೆಂಪೋರ್’ ಎಂಬುದರ ಇಂಗ್ಲಿಷ್ ಉಚ್ಚಾರ ‘ಎಕ್ಸ್‌ಟೆಂಪರಿ’ ಎಂಬುದೂ ನೆನಪಿರಲಿ.

‘ಅಡ್‌ಹಾಕ್’ ಬೇರೆಯೇ. ಅದು ಒಂದು ನಿರ್ದಿಷ್ಟ ಉದ್ದೇಶಕ್ಕೆಂದು ಮಾಡಿದ್ದು. ಅಡ್‌ಹಾಕ್ ಸಮಿತಿಯನ್ನು ತಿಂಗಳುಗಟ್ಟಲೆ ಯೋಚಿಸಿಯೂ ರಚಿಸಬಹುದು.

ಇನ್ನು ವ್ಯಾಕರಣ. ಇದು ವಿಶೇಷಣವೂ ಹೌದು, ಕ್ರಿಯಾವಿಶೇಷಣವೂ ಹೌದು. ‘ಹಿ ಸ್ಪೋಕ್ ಇಂಪ್ರಾಂಪ್ಟು’ ಸರಿಯಾದ ವಾಕ್ಯ, ಕೊನೆಗೆ ‘ಲಿ’ ಸೇರಿಸಬೇಡಿ. ಉಚ್ಚರಿಸುವಾಗ ಒತ್ತು ‘ಪ್ರಾಂಪ್’ ಮೇಲಿರಲಿ. ಕಾಗುಣಿತದಲ್ಲಿ ಜನ ಎಡವುವುದು ಎರಡನೆಯ ‘ಪಿ’ ಅಕ್ಷರದಲ್ಲಿ: ಐ, ಎಂ, ಪಿ, ಆರ್, ಓ, ಎಂ, ಪಿ, ಟಿ, ಯು.

ನಾಮಪದವಾದಾಗ ಅರ್ಥವೇ ಸರಿಯುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ‘ಇಂಪ್ರಾಂಪ್ಟು’ ಎಂಬುದು ಒಂದು ಕಿರು ರಚನೆ, ಹೆಚ್ಚಾಗಿ ಪಿಯಾನೊಗೆ ಬರೆದದ್ದು. ಆಸ್ಟ್ರಿಯಾದ ಸಂಗೀತ ರಚನಕಾರ ಶೂಬರ್ಟ್ 1827ರಲ್ಲಿ ನಾಲ್ಕು ನಾಲ್ಕರ ಎರಡು ಗುಚ್ಛಗಳನ್ನು ರಚಿಸಿದ. ಅವು ಸ್ವರಸ್ವರವೂ ಬರೆದಿಟ್ಟ ಕೃತಿಗಳು. ಆಗಲೇ ಹೊಳೆದಂತೆ ಕೇಳಿಸುವ ಧಾಟಿಗೆ ಆ ಹೆಸರು.