ಬೇರೆ ರಿಜಿಸ್ಟರ್ ಯಾಕೆ ಸಾಲದು?

ಸಲಿಂಗಿ ಜೋಡಿಗಳ ಮದುವೆಯ ಹಕ್ಕಿನ ಬಗ್ಗೆ ಹೋದ ಸಂಚಿಕೆಯಲ್ಲಿ ನಾವು ಹಾಕಿದ ಲೇಖನ ಓದಿ, ಚಿಂತಾಮಣಿಯ ನಿವೃತ್ತ ಮೇಷ್ಟ್ರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಮಾತಿನ ಸಾರ ಇಷ್ಟು: ‘ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಒಟ್ಟಿಗೆ ಬಾಳುತ್ತೇವೆ ಅಂದರೆ ಬಾಳಲಿ, ಅಡ್ಡ ಬರಲು ನಾನ್ಯಾರು? ಆಸ್ತಿ, ಆಸ್ಪತ್ರೆ, ಬ್ಯಾಂಕು ಇವುಗಳಲ್ಲಿ ತೊಂದರೆಯಾಗದ ಹಾಗೆ ಸರ್ಕಾರ ಬೇರೆ ರಿಜಿಸ್ಟರ್ ಇಟ್ಟು ಬರೆದುಕೊಳ್ಳಲಿ. ಸಿವಿಲ್ ಯೂನಿಯನ್ ಅನ್ನುತ್ತಾರಲ್ಲ, ಹಾಗೆ. ಮದುವೆಯನ್ನು ಮಾತ್ರ ನಮ್ಮ ಪಾಡಿಗೆ ಬಿಡಲಿ. ಸುಪ್ರೀಂ ಕೋರ್ಟೇ ಆಗದು ಅಂದ ಮೇಲೆ ಚರ್ಚೆ ಯಾಕೆ? ನಮ್ಮ ಹಳ್ಳಿಗಳಂತೂ ಇದನ್ನು ಒಪ್ಪುವುದಿಲ್ಲ.’ ಪತ್ರವನ್ನು ಬೇರೆ ಪುಟದಲ್ಲಿ ಪೂರ್ತಿಯಾಗಿ ಅಚ್ಚು ಹಾಕಿದ್ದೇವೆ.

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಬೈಗುಳವಿಲ್ಲ, ಹೀಯಾಳಿಕೆಯಿಲ್ಲ. ಈ ವಿಷಯದ ಮೇಲೆ ನಮಗೆ ಬರುವ ಪತ್ರಗಳಲ್ಲಿ ಅದು ಅಪರೂಪ. ನೀವು ಹೇಳಿರುವುದು ಒಂದು ರಾಜಿ ಸೂತ್ರ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯಾಕೆಂದು ಬಿಡಿಸಿ ಹೇಳುವುದು ನಿಮ್ಮ ಪತ್ರಕ್ಕೆ ಕೊಡಬೇಕಾದ ಮರ್ಯಾದೆ.

ಮೊದಲು ಕೋರ್ಟಿನ ವಿಷಯ. ವಯಸ್ಕರಿಬ್ಬರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೆ ಬುನಾದಿಯಾದದ್ದು, ಖಾಸಗಿತನ ಮೂಲಭೂತ ಹಕ್ಕು ಎಂದ ಹಿಂದಿನ ವರ್ಷದ ತೀರ್ಪು. ಆ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಮದುವೆಯ ಪ್ರಶ್ನೆ ಐವರ ಪೀಠದ ಮುಂದೆ ಬಂದು, ತೀರ್ಪು ಹೊರಬಿದ್ದದ್ದು 2023ರ ಅಕ್ಟೋಬರ್ 17ರಂದು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಜಾತಿ ಧರ್ಮದ ಕಟ್ಟಿಲ್ಲದೆ ಮದುವೆಯಾಗಲು ಇರುವ 1954ರ ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟು ತಾನಾಗಿ ತಿದ್ದಿ ಓದಲಾಗದು, ಅದು ಸಂಸತ್ತಿನ ಕೆಲಸ ಎಂಬುದರಲ್ಲಿ ಐವರೂ ಒಂದೇ ಮಾತು. ಒಡಕು ಬಂದದ್ದು ಎಲ್ಲಿ ಗೊತ್ತೇ? ನೀವು ಹೇಳುವ ಆ ಸಿವಿಲ್ ಯೂನಿಯನ್ ವಿಷಯದಲ್ಲೇ. ಅಂದಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್, ಇಂಥ ಜೋಡಿಗಳಿಗೆ ಕೂಡಿ ಬಾಳುವ ಹಕ್ಕಿದೆ, ಅದಕ್ಕೆ ಸರ್ಕಾರ ಮಾನ್ಯತೆ ಕೊಡಬೇಕು ಎಂದರು. ನ್ಯಾಯಮೂರ್ತಿಗಳಾದ ಭಟ್, ಹಿಮಾ ಕೊಹ್ಲಿ ಮತ್ತು ನರಸಿಂಹ ಅದನ್ನೂ ಒಪ್ಪಲಿಲ್ಲ. ಅಂದರೆ ನಿಮ್ಮ ರಾಜಿ ಸೂತ್ರವೂ ಅಲ್ಲಿ ಮೂರಕ್ಕೆ ಎರಡರಿಂದ ಬಿದ್ದುಹೋಯಿತು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಹಾಗಾಗಿ ಮದುವೆಯಾಗಲಿ, ಯೂನಿಯನ್ ಆಗಲಿ, ಎರಡನ್ನೂ ಈಗ ಕೇಳಬೇಕಾದದ್ದು ಸಂಸತ್ತನ್ನು. ಸಂಸತ್ತಿನ ಮುಂದಿರುವ ಪ್ರಶ್ನೆಯನ್ನು ಮತ ಹಾಕುವ ಜನ ಚರ್ಚಿಸದಿದ್ದರೆ ಇನ್ಯಾರು ಚರ್ಚಿಸಬೇಕು?

ಈಗ ನಿಮ್ಮ ರಿಜಿಸ್ಟರಿಗೆ ಬರುತ್ತೇನೆ. ಅದರ ಒಂದು ಸಣ್ಣ ರೂಪ ಆಗಲೇ ನಮ್ಮ ಕಣ್ಣೆದುರಿಗಿದೆ. ತೀರ್ಪಿನ ನಂತರ ಸಂಪುಟ ಕಾರ್ಯದರ್ಶಿಯ ನೇತೃತ್ವದಲ್ಲಿ ಸಮಿತಿಯಾಯಿತು. 2024ರಲ್ಲಿ ಕೇಂದ್ರ ಸರ್ಕಾರ ಕೆಲವು ಸ್ಪಷ್ಟನೆಗಳನ್ನು ಹೊರಡಿಸಿತು: ಇಂಥ ಸಂಗಾತಿಗಳನ್ನು ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಎಣಿಸಬಹುದು, ಅವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು. ಇವು ಒಳ್ಳೆಯವೇ, ಸ್ವಾಗತಿಸೋಣ. ಆದರೆ ಒಳಹೊಕ್ಕು ನೋಡಿ. ಬ್ಯಾಂಕಿನ ನಾಮಿನಿ ಹಣವನ್ನು ಪಡೆದುಕೊಳ್ಳುವವನು ಮಾತ್ರ. ಉಯಿಲಿಲ್ಲದಿದ್ದರೆ ಕಾನೂನಿನ ಪ್ರಕಾರ ಆ ಹಣ ವಾರಸುದಾರರದ್ದು, ಅವರು ದಾವೆ ಹೂಡಿ ಕೇಳಬಹುದು. ಸಂಗಾತಿ ತೀರಿಕೊಂಡರೆ ದೇಹವನ್ನು ಪಡೆಯಬಹುದು ಎಂದೂ ಆರೋಗ್ಯ ಇಲಾಖೆ ಹೇಳಿತು, ಆದರೆ ಹತ್ತಿರದ ಸಂಬಂಧಿಕರು ಸಿಗದಿದ್ದಾಗ ಎಂಬ ಷರತ್ತಿನ ಮೇಲೆ. ಮೂವತ್ತು ವರ್ಷ ಜೊತೆಗೆ ಬಾಳಿದವರು ಸರದಿಯಲ್ಲಿ ಕೊನೆಗೆ ನಿಲ್ಲಬೇಕು. ಬಿಡಿಬಿಡಿಯಾಗಿ ಕೊಡುವ ಹಕ್ಕಿನ ಪಾಡೇ ಇದು. ಪಟ್ಟಿಯಲ್ಲಿ ಬರೆದದ್ದು ಸಿಗುತ್ತದೆ. ಬರೆಯದೆ ಬಿಟ್ಟದ್ದು ಗೊತ್ತಾಗುವುದು ಕಷ್ಟ ಬಂದ ದಿನ.

ಪತ್ರಿಕೆಯ ಕೆಲಸದ ಮೇಲೆ ಶಿಡ್ಲಘಟ್ಟದ ಕಡೆ ಓಡಾಡುವಾಗ ನನಗೆ ಪರಿಚಯವಾದ ಇಬ್ಬರು ಹೆಂಗಸರ ವಿಷಯ ಹೇಳುತ್ತೇನೆ. ಊರಿನ ಹೆಸರು ಬೇಡ. ರೇಷ್ಮೆ ನೂಲು ತೆಗೆಯುವುದು ಅವರ ಕಸುಬು. ಒಬ್ಬಾಕೆ ಮುಂಜಾನೆ ಮಾರುಕಟ್ಟೆಗೆ ಹೋಗಿ ಹರಾಜಿನಲ್ಲಿ ಗೂಡು ಹಿಡಿದು ತರುತ್ತಿದ್ದರು, ಇನ್ನೊಬ್ಬಾಕೆ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು ಎಳೆ ಹಿಡಿಯುತ್ತಿದ್ದರು. ದಿನವಿಡೀ ಬಿಸಿನೀರಲ್ಲಿ ಅದ್ದಿ ಅದ್ದಿ ಆಕೆಯ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಒಂದೇ ಮನೆ, ಒಂದೇ ಒಲೆ. ಇಬ್ಬರ ದುಡಿಮೆ ಸೇರಿಸಿ ಇಪ್ಪತ್ತು ಗುಂಟೆ ಜಮೀನು ಕೊಂಡು ಹಿಪ್ಪುನೇರಳೆ ಹಾಕಿದರು. ಕ್ರಯಪತ್ರ ಆದದ್ದು ದೊಡ್ಡವರ ಹೆಸರಿನಲ್ಲಿ, ಯಾಕೆಂದರೆ ಇಬ್ಬರಲ್ಲಿ ಕಾಗದ ಪತ್ರ ಓಡಾಡಿ ಗೊತ್ತಿದ್ದವರು ಅವರೇ. ಅವರು ತೀರಿಕೊಂಡರು. ಉಯಿಲು ಬರೆದಿರಲಿಲ್ಲ.

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ವಂಶವೃಕ್ಷ ಬೇಕಲ್ಲವೇ? ಉಳಿದಾಕೆ ನಾಡಕಚೇರಿಗೆ ಹೋದರು. ಅಲ್ಲಿದ್ದವರು ಕೆಟ್ಟವರಲ್ಲ, ಕೂರಿಸಿ, ನೀರು ಕೊಟ್ಟು, ಸಮಾಧಾನವಾಗಿಯೇ ಮಾತಾಡಿದರು. ಆದರೆ ವಂಶವೃಕ್ಷದಲ್ಲಿ ಗಂಡ, ಹೆಂಡತಿ, ಮಗ, ಮಗಳು, ಅಣ್ಣ, ತಮ್ಮ ಇವರಿಗೆ ಜಾಗವಿದೆ. ಆಕೆಯನ್ನು ಎಲ್ಲಿ ಬರೆಯುವುದು? ಮದುವೆಯಾಗದ ಹಿಂದೂ ಹೆಂಗಸು ಉಯಿಲಿಲ್ಲದೆ ತೀರಿಕೊಂಡರೆ 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆಸ್ತಿ ತಂದೆ ತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ. ತಮ್ಮನೊಬ್ಬನಿದ್ದ. ವರ್ಷಗಳಿಂದ ಮನೆಯ ಹೊಸ್ತಿಲು ತುಳಿದವನಲ್ಲ. ಖಾತೆ ಅವನ ಹೆಸರಿಗಾಯಿತು. ಯಾರೂ ಕಾನೂನು ಮೀರಲಿಲ್ಲ. ಕಾನೂನು ಪಾಲಿಸಿಯೇ ಆ ಹೆಂಗಸಿನ ತೋಟ ಹೋಯಿತು.

ಇವರಿಗೆ ನಿಮ್ಮ ರಿಜಿಸ್ಟರ್ ಇದ್ದಿದ್ದರೆ ಸಾಕಾಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಆ ರಿಜಿಸ್ಟರಿನ ಕಾಯ್ದೆಯಲ್ಲಿ ಉತ್ತರಾಧಿಕಾರದ ಮಾತು ಬರೆದಿದ್ದರೆ ಖಂಡಿತ ಸಾಕಾಗುತ್ತಿತ್ತು. ಅದರ ಜೊತೆಗೆ ಭವಿಷ್ಯ ನಿಧಿ ಬರೆಯಬೇಕು, ಗ್ರಾಚ್ಯುಯಿಟಿ ಬರೆಯಬೇಕು. ಈ ಎರಡರಲ್ಲೂ ಕುಟುಂಬವಿರುವ ನೌಕರ ಕುಟುಂಬದ ಹೊರಗಿನವರನ್ನು ನಾಮಿನಿ ಮಾಡುವಂತಿಲ್ಲ. ಮೂತ್ರಪಿಂಡ ಕೊಡಬೇಕೆಂದರೆ ಗಂಡ ಹೆಂಡತಿ ಹತ್ತಿರದ ಸಂಬಂಧಿಗಳು. ಉಳಿದವರು ಅನುಮತಿ ಸಮಿತಿಯ ಮುಂದೆ ನಿಲ್ಲಬೇಕು. ಅದನ್ನೂ ಬರೆಯಬೇಕು. ಗಂಡ ಹೆಂಡತಿಗೆ ಕೊಟ್ಟ ಉಡುಗೊರೆಗೆ ಆಕೆ ತೆರಿಗೆ ಕಟ್ಟಬೇಕಿಲ್ಲ. ಸಂಬಂಧಿಯಲ್ಲದವರಿಂದ ವರ್ಷಕ್ಕೆ 50 ಸಾವಿರ ರೂಪಾಯಿ ಮೀರಿ ಬಂದರೆ ತೆರಿಗೆ ಬೀಳುತ್ತದೆ. ಅದನ್ನೂ ಬರೆಯಬೇಕು. ಹೀಗೆ ಬರೆಯುತ್ತಾ ಹೋಗಿ, ಒಂದನ್ನೂ ಬಿಡದೆ ಬರೆದೆವೆಂದೇ ಇಟ್ಟುಕೊಳ್ಳಿ. ಆಗ ಅದು ಮದುವೆಯೇ ಆಯಿತು, ರಿಜಿಸ್ಟರ್ ಮಾತ್ರ ಬೇರೆ. ಬೇರೆ ಇಡುವುದಕ್ಕೆ ಉಳಿಯುವ ಕಾರಣ, ಇವರು ನಮ್ಮ ಸಾಲಿನವರಲ್ಲ ಎಂದು ತೋರಿಸುವುದೊಂದೇ. ಅದನ್ನು ನಾನು ಒಪ್ಪಲಾರೆ.

ಇದು ನನ್ನ ಊಹೆಯಲ್ಲ, ಬೇರೆ ದೇಶಗಳು ಈ ದಾರಿ ನಡೆದು ನೋಡಿವೆ. ಡೆನ್ಮಾರ್ಕ್ 1989ರಲ್ಲೇ ಬೇರೆ ರಿಜಿಸ್ಟರ್ ತಂದಿತು. 2012ರಲ್ಲಿ ಮದುವೆಗೇ ಬಂದು ನಿಂತಿತು. ಬ್ರಿಟನ್ನಿನಲ್ಲಿ 2005ರ ಕೊನೆಯಲ್ಲಿ ಶುರುವಾದ ಸಿವಿಲ್ ಪಾರ್ಟ್‌ನರ್‌ಶಿಪ್‌ನಲ್ಲಿ ಮದುವೆಯ ಹಕ್ಕುಗಳು ಬಹುಪಾಲು ಇದ್ದವು. ಆದರೂ ಇಂಗ್ಲೆಂಡಿನಲ್ಲಿ 2014ರಿಂದ ಮದುವೆಯೇ ಆಗುತ್ತಿದೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದ್ದು ನಮಗೆ ಹೆಚ್ಚು ಪಾಠ ಕಲಿಸುತ್ತದೆ. ಅಲ್ಲಿ 2007ರಿಂದ ಸಿವಿಲ್ ಯೂನಿಯನ್ ಬಂತು, ಕಾಗದದ ಮೇಲೆ ಮದುವೆಗೆ ಸಮಾನ. ಮರುವರ್ಷ ಸರ್ಕಾರವೇ ನೇಮಿಸಿದ ಆಯೋಗ ಪರಿಶೀಲಿಸಿದಾಗ ಕಂಡದ್ದು: ಆಸ್ಪತ್ರೆಯಲ್ಲಿ, ಕೆಲಸದ ಕಡೆ ಈ ಜೋಡಿಗಳು ತಾವು ಯಾರೆಂದು ಮತ್ತೆ ಮತ್ತೆ ವಿವರಿಸಬೇಕಾಗಿತ್ತು. ‘ನಾನು ಇವರ ಹೆಂಡತಿ’ ಅಂದರೆ ಐಸಿಯು ಬಾಗಿಲಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ‘ನಮ್ಮದು ಇಂಥ ಕಾಯ್ದೆಯಡಿ ನೋಂದಾಯಿತ ಯೂನಿಯನ್’ ಅಂದರೆ ಆ ಕಾಯ್ದೆ ಏನೆಂದು ವಿವರಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ನಮ್ಮ ದೇಶಕ್ಕೂ ಬೇರೆ ರಿಜಿಸ್ಟರಿನ ಅನುಭವ ಇದೆ ಮೇಷ್ಟ್ರೇ. ನೀವು ಪಾಠ ಹೇಳಿದವರು, ಇದು ನಿಮಗೆ ರುಚಿಸಬಹುದು. 1872ರಲ್ಲಿ ಬ್ರಾಹ್ಮ ಸಮಾಜವೆಂಬ ಸುಧಾರಕರ ಪಂಥದವರ ಒತ್ತಾಯದಿಂದ ವಿಶೇಷ ವಿವಾಹದ ಮೊದಲ ಕಾಯ್ದೆ ಬಂತು. ಶಾಸ್ತ್ರ ಬಿಟ್ಟು, ಜಾತಿ ಬಿಟ್ಟು ಮದುವೆಯಾಗಬಹುದು, ಆದರೆ ಗಂಡು ಹೆಣ್ಣು ಇಬ್ಬರೂ ತಾವು ಹಿಂದೂಗಳೂ ಅಲ್ಲ, ಮುಸ್ಲಿಮರೂ ಅಲ್ಲ, ಕ್ರೈಸ್ತರೂ ಅಲ್ಲ ಎಂದು ಬರೆದುಕೊಡಬೇಕು. 1923ರಲ್ಲಿ ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ ತಿದ್ದುಪಡಿಯಾಗಿ ಹಿಂದೂಗಳು, ಬೌದ್ಧರು, ಸಿಖ್ಖರು, ಜೈನರು ಧರ್ಮ ಬಿಡದೆಯೇ ಅದರಡಿ ಮದುವೆಯಾಗಬಹುದು ಎಂದಾಯಿತು. ಅದಕ್ಕೂ ಬೆಲೆ ಇತ್ತು. ಹಾಗೆ ಮದುವೆಯಾದ ಮಗ ಅವಿಭಕ್ತ ಕುಟುಂಬದಿಂದ ಕಡಿದುಹೋದಂತೆ. ಅವನು ದತ್ತು ತೆಗೆದುಕೊಳ್ಳುವಂತಿಲ್ಲ. ಬೇರೆ ಗಂಡುಮಕ್ಕಳಿಲ್ಲದಿದ್ದರೆ ಅವನು ಬದುಕಿರುವಾಗಲೇ ಅಪ್ಪ ಇನ್ನೊಬ್ಬನನ್ನು ದತ್ತು ಪಡೆಯಬಹುದು. ಅಂತರ್ಜಾತಿ ಮದುವೆಗೆ ಅಂದು ಸಮಾಜ ಕೊಟ್ಟ ಮಾನ್ಯತೆ ಅಷ್ಟು. ‘ಆಗಿ, ಆದರೆ ನಮ್ಮವರಲ್ಲ ಎಂದು ಬರೆದುಕೊಟ್ಟು ಆಗಿ.’ ಅಂದಿನವರೂ ಅದನ್ನು ರಾಜಿ ಸೂತ್ರವೆಂದೇ ಭಾವಿಸಿರಬೇಕು. ಇಂದು ಅದೇ ಕಾಯ್ದೆಯ ಮುಂದಿನ ರೂಪವಾದ 1954ರ ಕಾಯ್ದೆಯಡಿ ಮದುವೆಯಾದ ಎಷ್ಟೋ ಜೋಡಿಗಳನ್ನು ನೀವೇ ಮನೆಗೆ ಕರೆದು ಊಟ ಹಾಕಿದ್ದೀರಿ, ಇದೂ ನಿಮ್ಮ ಪತ್ರದಲ್ಲೇ ಇದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಮದುವೆಯೇ ಬೇಡ ಎನ್ನುವವರು ಸಲಿಂಗಿ ಸಮುದಾಯದೊಳಗೇ ಇದ್ದಾರೆ. ಮದುವೆ ಹೆಣ್ಣಿಗೆ ಏನು ಕೊಟ್ಟಿದೆ, ಜಾತಿಯನ್ನು ಕಾಯುವುದು ಬಿಟ್ಟು ಇನ್ನೇನು ಮಾಡಿದೆ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ತೂಕವಿದೆ. ಅವರು ಕೇಳುವ ಯೂನಿಯನ್ ಬೇರೆ ತರಹದ್ದು: ಯಾರು ಬೇಕಾದರೂ ಸೇರಬಹುದಾದದ್ದು. ಫ್ರಾನ್ಸಿನಲ್ಲಿ 1999ರಿಂದ ಇರುವ ‘ಪ್ಯಾಕ್ಸ್’ ಎಂಬ ಒಪ್ಪಂದ ಅಂಥದ್ದು. ಇಂದು ಅದನ್ನು ಮಾಡಿಕೊಳ್ಳುವವರಲ್ಲಿ ಹೆಚ್ಚಿನವರು ಗಂಡು ಹೆಣ್ಣಿನ ಜೋಡಿಗಳೇ. ಮದ್ರಾಸ್ ಹೈಕೋರ್ಟು 2025ರ ಮೇ ತಿಂಗಳಲ್ಲಿ, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ ಎಂದು ಹೇಳಿದೆ. ಇಂಥ ಯೂನಿಯನ್ ಬರುವುದಾದರೆ ನಾನು ಎರಡು ಕೈಯೆತ್ತಿ ಸ್ವಾಗತಿಸುತ್ತೇನೆ. ಆದರೆ ಅದು ಎಲ್ಲರಿಗೂ ತೆರೆದಿರಬೇಕು, ಮದುವೆಯೂ ಎಲ್ಲರಿಗೂ ತೆರೆದಿರಬೇಕು. ಒಂದು ವರ್ಗಕ್ಕೆ ಮದುವೆ, ಇನ್ನೊಂದು ವರ್ಗಕ್ಕೆ ಯೂನಿಯನ್ ಎಂದು ಹಂಚುವುದನ್ನಷ್ಟೇ ನಾನು ವಿರೋಧಿಸುತ್ತೇನೆ.

ನಾಳೆಯೇ ಸರ್ಕಾರ ಬರಿಯ ಯೂನಿಯನ್ ಮಸೂದೆ ತಂದರೆ ತಿರಸ್ಕರಿಸಬೇಕೇ? ಇಲ್ಲ. ನಾಡಕಚೇರಿಯಿಂದ ಬರಿಗೈಯಲ್ಲಿ ಬಂದ ಆ ಹೆಂಗಸಿಗೆ ‘ಪೂರ್ತಿ ಸಿಗುವವರೆಗೂ ತಡೆಯಮ್ಮ’ ಎಂದು ಹೇಳುವ ಅಧಿಕಾರ ನನಗಿಲ್ಲ. ಮದುವೆಯ ಸಮಾನತೆಯ ಕಡೆಗೆ ಅದೊಂದು ಹೆಜ್ಜೆ ಎಂಬ ಅರ್ಥದಲ್ಲಿ ನ್ಯಾಯಮೂರ್ತಿ ಕೌಲ್ ಬರೆದಿದ್ದಾರೆ. ಹೆಜ್ಜೆಯೆಂದು ತೆಗೆದುಕೊಳ್ಳೋಣ. ‘ಇದನ್ನು ಪಡೆದಿರಿ, ಇನ್ನು ಮದುವೆ ಕೇಳಬೇಡಿ’ ಎಂಬ ಷರತ್ತನ್ನು ಮಾತ್ರ ಒಪ್ಪುವುದು ಬೇಡ.

ಹಳ್ಳಿ ಒಪ್ಪುವುದಿಲ್ಲ ಎಂಬ ಮಾತಿಗೆ ನನ್ನದು ಸ್ವಲ್ಪ ಬೇರೆ ಅನುಭವ. ಆ ಇಬ್ಬರು ಹೆಂಗಸರನ್ನು ಊರವರು ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಜೋಡಿಯಾಗಿಯೇ ಕರೆಯುತ್ತಿದ್ದರು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಎಲ್ಲರಿಗೂ ಗೊತ್ತಿತ್ತು. ದೊಡ್ಡವರು ಹೋದಾಗ ಉಳಿದಾಕೆಗೆ ಅಡುಗೆ ಮಾಡಿ ತಂದು ಉಣಿಸಿದವರು ಅಕ್ಕಪಕ್ಕದ ಮನೆಯವರೇ. ಎಲ್ಲ ಊರೂ ಹೀಗೆ ಎನ್ನಲಾರೆ. ಮಕ್ಕಳನ್ನು ಹೊಡೆದು, ಕೂಡಿಹಾಕಿ, ಬಲವಂತದ ಮದುವೆ ಮಾಡಿದ ಮನೆಗಳೂ ನಮ್ಮ ನಡುವೆ ಇವೆ. ಆದರೆ ಹಳ್ಳಿಯ ಹೆಸರಿನಲ್ಲಿ ಬೇಡ ಎನ್ನುವ ಮೊದಲು ಹಳ್ಳಿಯವರನ್ನು ಒಮ್ಮೆ ಕೇಳಬೇಕಲ್ಲವೇ? ನಮ್ಮ ಹಾಗೆಯೇ ಸೋದರಿಕೆ, ಕುಲ, ಗೋತ್ರ ನೋಡುವ ನೇಪಾಳದಲ್ಲಿ 2023ರ ನವೆಂಬರಿನಲ್ಲಿ ಇಂಥ ಮೊದಲ ಮದುವೆ ನೋಂದಣಿಯಾದದ್ದು ರಾಜಧಾನಿಯಲ್ಲಲ್ಲ, ಲಮ್‌ಜುಂಗ್ ಎಂಬ ಗುಡ್ಡಗಾಡು ಜಿಲ್ಲೆಯಲ್ಲಿ.

ಕಾಯ್ದೆ ಬರುವವರೆಗೆ ಈ ಪುಟ ಓದುತ್ತಿರುವ ಅಂಥ ಜೋಡಿಗಳಿಗೆ ಒಂದು ಮಾತು. ದಯವಿಟ್ಟು ಉಯಿಲು ಬರೆದಿಡಿ. ಬಿಳಿ ಹಾಳೆ ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳು ನಿಮ್ಮ ಸಹಿ ನೋಡಿ ತಾವೂ ಸಹಿ ಹಾಕಬೇಕು. ಆಸ್ತಿ ಪಡೆಯುವವರೇ ಸಾಕ್ಷಿಯಾಗುವುದು ಬೇಡ. ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಹೊಸದಾಗಿ ಜಮೀನು, ಸೈಟು ಕೊಳ್ಳುವಾಗ ಕ್ರಯಪತ್ರದಲ್ಲಿ ಇಬ್ಬರ ಹೆಸರನ್ನೂ ಹಾಕಿಸಿ.

ಕೊನೆಗೆ ಮೇಷ್ಟ್ರೇ, ಪತ್ರದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಒಂದು ಪ್ರಶ್ನೆ ಸೇರಿಸಿದ್ದೀರಿ: ‘ಹಾಗಾದರೆ ಅಂಥವರ ವಿವಾಹ ಪ್ರಕಟಣೆ ತಂದುಕೊಟ್ಟರೆ ನಿಮ್ಮ ಪತ್ರಿಕೆ ಹಾಕುತ್ತದೆಯೇ?’ ಹಾಕುತ್ತೇವೆ. ಫೋಟೋ ಸಮೇತ, ಉಳಿದ ಮದುವೆಗಳ ಪುಟದಲ್ಲೇ, ಅದೇ ದರಕ್ಕೆ.

— ಸಂಪಾದಕ