‘ಟೇಕ್’ ಅಂದರೆ ಬರೀ ‘ತೆಗೆದುಕೋ’ ಅಲ್ಲ

ನಮಸ್ಕಾರ. ‘ಟೇಕ್’ ಕ್ರಿಯಾಪದದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು, ತಿದ್ದಿದರೆ ಆದೀತು.

ಇಂಗ್ಲಿಷಿನ ಹಿರಿಮೆ ಹಾಡುವ ಮೊದಲ ಎರಡು ಪ್ಯಾರಾ ಬೇಡ. ಪದ ಲ್ಯಾಟಿನ್ನಿಂದ ಬಂತು ಎಂದಿದ್ದೀರಿ, ತಪ್ಪು. ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯನ್ನರ ಹಳೆಯ ನಾರ್ಸ್ ಭಾಷೆಯ ‘ಟಾಕ’ ಇದರ ಮೂಲ. ಅದಕ್ಕೆ ಮುಂಚೆ ಅಲ್ಲಿ ನಡೆಯುತ್ತಿದ್ದ ಪದ ‘ನಿಮನ್’. ಅದರ ಬಳಗದ ‘ನೇಮೆನ್’ ಜರ್ಮನ್ನಿನಲ್ಲಿ ಇಂದಿಗೂ ದಿನಬಳಕೆಯದು. ಇಂಗ್ಲಿಷಿನಲ್ಲಿ ನಿಮನ್ ಅಳಿದರೂ ಅದರ ಕೃದಂತರೂಪ ‘ನಮ್’ (numb, ಮರಗಟ್ಟಿದ) ಆಗಿ ಉಳಿಯಿತು: ಮರಗಟ್ಟಿದ ಬೆರಳೆಂದರೆ ಚಳಿ ‘ಹಿಡಿದ’ ಬೆರಳು. (ಕೊನೆಯಲ್ಲಿ ಬರೆದರೂ ಉಚ್ಚರಿಸದ ಆ ‘ಬಿ’ ಆಮೇಲೆ ಅಂಟಿಕೊಂಡದ್ದು.) ನಿಮ್ಮ ಲೇಖನ ಇಲ್ಲಿಂದ ಶುರುವಾಗಲಿ.

ನಿಜವಾದ ತೊಡಕು ಅರ್ಥದ ಭಾಗದಲ್ಲಿದೆ. ಎಲ್ಲ ಉದಾಹರಣೆಗೂ ‘ತೆಗೆದುಕೋ’ ಹಚ್ಚಿದ್ದೀರಿ. ‘ಕೊಳ್ಳು’ ಸೇರಿದರೆ ಕೆಲಸದ ಫಲ ಮಾಡಿದವನ ಕಡೆಗೇ ತಿರುಗುತ್ತದೆ. ‘ಟೇಕ್’ಗೆ ಆ ಕಟ್ಟಿಲ್ಲ. ಪತ್ರವನ್ನು ಅವಳಿಗೆ ‘ಟೇಕ್’ ಮಾಡು ಅಂದರೆ ಒಯ್ಯಿ. ಮಗುವಾದರೆ ಕರೆದೊಯ್ಯಿ. ಫೋಟೋ ತೆಗೆಯುತ್ತೇವೆ, ಪರೀಕ್ಷೆ ಬರೆಯುತ್ತೇವೆ, ಸ್ನಾನ ಮಾಡುತ್ತೇವೆ. ನೀವು ಬರೆದ ‘ಸ್ನಾನ ತೆಗೆದುಕೊಂಡನು’ ಕನ್ನಡವೇ ಅಲ್ಲ. ‘ನಿರ್ಧಾರ ತೆಗೆದುಕೋ’ ಪತ್ರಿಕೆಗಳಲ್ಲಿ ಬೇರೂರಿಬಿಟ್ಟಿದೆ, ಅದರ ಮೇಲೆ ನಮಗೆ ಜಗಳವಿಲ್ಲ. ಆದರೂ ‘ನಿರ್ಧರಿಸು’ ಚಿಕ್ಕದು, ಚೊಕ್ಕದು. ಎರಡು ಗಂಟೆ ‘ಟೇಕ್ಸ್’ ಎಂಬಲ್ಲಿ ನಾವು ‘ಹಿಡಿಯುತ್ತದೆ’ ಎನ್ನುತ್ತೇವೆ. ‘ಟೇಕ್’ನ ಬಂಧುವಾದ, ಗಾಥಿಕ್ ಎಂಬ ಹಳೆಯ ಜರ್ಮನಿಕ್ ಭಾಷೆಯ ‘ಟೇಕನ್’ಗೆ ಮುಟ್ಟು ಎಂದರ್ಥ. ಮುಟ್ಟುವುದರಿಂದ ಹಿಡಿಯುವುದಕ್ಕೆ, ಅಲ್ಲಿಂದ ಒಯ್ಯುವುದಕ್ಕೆ ಅರ್ಥ ಹೇಗೆ ಜರುಗಿತು ಎಂದು ತೋರಿಸಿದರೆ, ಚೆದುರಿದ ಉದಾಹರಣೆಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

‘ಹ್ಯಾವ್ ಟುಕ್’ ಎಂದು ಮೂರು ಕಡೆ ಬರೆದಿದ್ದೀರಿ. ‘ಹ್ಯಾವ್’ ಮುಂದೆ ‘ಟೇಕನ್’ ಬರಬೇಕು. ‘ಟುಕ್’ ಬರೀ ಭೂತಕಾಲಕ್ಕೆ.

‘ಟೇಕ್ ಆಫ್’ನಂಥ ನಲವತ್ತು ಪದಜೋಡಿಗಳ ಪಟ್ಟಿಯಲ್ಲಿ ಆರು ಉಳಿಸಿ, ಪ್ರತಿಯೊಂದನ್ನೂ ವಾಕ್ಯದಲ್ಲಿಟ್ಟು ತೋರಿಸಿ. ಓದುಗರು ಎಡವುವುದು ಅರ್ಥದಲ್ಲಿ ಕಡಿಮೆ, ಸರ್ವನಾಮ ಇಡುವ ಜಾಗದಲ್ಲಿ ಹೆಚ್ಚು. ಕಳಚು ಎಂಬರ್ಥದಲ್ಲಿ ‘ಟೇಕ್ ಇಟ್ ಆಫ್’ ಸರಿ, ‘ಟೇಕ್ ಆಫ್ ಇಟ್’ ತಪ್ಪು. ಆದರೆ ಹೋಲು ಎಂಬರ್ಥದ ‘ಟೇಕ್ ಆಫ್ಟರ್’ ಬಿಡಿಸಬಾರದ ಜೋಡಿ. ಅಲ್ಲಿ ‘ಹರ್’ನಂಥ ಸರ್ವನಾಮ ಕೊನೆಗೇ ಬರಬೇಕು. ನಿಮ್ಮ ಪಟ್ಟಿ ಎರಡನ್ನೂ ಒಂದೇ ಗುಂಪಿಗೆ ಸೇರಿಸಿದೆ.

ತಿದ್ದಿದ ಪ್ರತಿ 800 ಪದ ದಾಟದಿರಲಿ.